ಸುನ್ನಿವಾಳ ಮದುವೆಯ ಬಿಯರ್

ಒಲೌಗ್ ಬಾರ್ಲಿ ನೆನೆಹಾಕಿದ್ದು ಗಂಡ ಇನ್ನೂ ಉಸಿರಾಡುತ್ತಿರುವಾಗಲೇ. ಇಷ್ಟು ಕೇಳಿದ ಕೂಡಲೇ ಮುಖ ಸಿಂಡರಿಸುವವರು ಸ್ವಲ್ಪ ತಡೆಯಬೇಕು. ಸ್ಟ್ಯೋರ್ದಾಲ್ ಕಣಿವೆಯಲ್ಲಿ ಮನುಷ್ಯನನ್ನು ಮಣ್ಣು ಮಾಡಿ ಬಂದವರಿಗೆ ಆ ಮನೆಯಲ್ಲೇ ಕಾಸಿದ, ಆ ಮನೆಯ ಹೊಲದ ಬಾರ್ಲಿಯಿಂದಲೇ ಆದ ಬಿಯರ್ ಕೊಡಬೇಕು. ಅದಿಲ್ಲದಿದ್ದರೆ ಸತ್ತವನಿಗೆ ಮರ್ಯಾದೆ ಆಯಿತೆಂದು ಪಾದ್ರಿ ಒಪ್ಪಿದರೂ ಊರು ಒಪ್ಪುವುದಿಲ್ಲ. ಆದರೆ ಬಾರ್ಲಿ ನೆನೆದು, ಮೊಳಕೆ ಬಂದು, ಹೊಗೆಯಲ್ಲಿ ಒಣಗಿ, ನುಚ್ಚಾಗಿ, ರಸ ಬಿಟ್ಟು, ಹುದುಗಿ ಬಟ್ಟಲಿಗೆ ಇಳಿಯಲು ಹದಿನೆಂಟು ದಿನ ಬೇಕು. ಸಾವು ಹದಿನೆಂಟು ದಿನ ಮೊದಲೇ ಹೇಳಿಕಳಿಸುವ ನೆಂಟನಲ್ಲ. ಅದಕ್ಕೇ ಅಲ್ಲಿಯ ಎಲ್ಲ ಮನೆಗಳಲ್ಲೂ ಕ್ರಿಸ್‌ಮಸ್‌ಗೆಂದು ಒಣಗಿಸಿದ ಮೊಳಕೆ ಬಾರ್ಲಿಯಲ್ಲಿ ಒಂದು ಮೂಟೆ ಅಟ್ಟದ ಮೇಲೆ ಎತ್ತಿಟ್ಟಿರುತ್ತಾರೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆ ವರ್ಷ ಒಲೌಗ್‌ಳ ಅಟ್ಟದ ಮೇಲೆ ಆ ಮೂಟೆ ಇರಲಿಲ್ಲ. ಬಿಯರ್ ಕಾಸುವುದರಲ್ಲಿ ಕಣಿವೆಗೇ ಹೆಸರುವಾಸಿಯಾದ ಅವಳ ಗಂಡ ಸಿವರ್ಟ್ ಅಕ್ಟೋಬರಿನಲ್ಲೇ ಹಾಸಿಗೆ ಹಿಡಿದಿದ್ದ. ಜನವರಿಯ ಕೊನೆಗೆ ತ್ರೋಂಡ್‌ಹೈಮ್‌ನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿ, ಏನೂ ಮಾಡದೆ ಹಾಗೇ ಹೊಲಿದು ಕಳಿಸಿದರು. ಡಾಕ್ಟರು ಒಲೌಗ್‌ಳನ್ನು ಮಾತ್ರ ಮೊಗಸಾಲೆಗೆ ಕರೆದರು.

"ಅವರಿಗೆ ಹೊಟ್ಟೆಹುಣ್ಣು ಅಂತ ಹೇಳಿದೀವಿ. ನೀವೂ ಹಾಗೇ ಹೇಳಿ. ಗೊತ್ತಾದ್ರೆ ಕುಸಿದುಬಿಡ್ತಾರೆ. ಇನ್ನು ಮೂರು ವಾರ, ಹೆಚ್ಚೆಂದ್ರೆ ನಾಲ್ಕು."

ಯುದ್ಧ ಮುಗಿದು ಹತ್ತು ವರ್ಷವಾಗಿದ್ದರೂ ಡಾಕ್ಟರು ಹೇಳಿದ್ದಕ್ಕೆ ಎದುರಾಡುವ ಕಾಲ ಇನ್ನೂ ಬಂದಿರಲಿಲ್ಲ. ಒಲೌಗ್ ತಲೆಯಾಡಿಸಿದಳು. ಊರಿಗೆ ಬರುವ ರೈಲಿನಲ್ಲಿ ಸಿವರ್ಟ್ ಕಿಟಕಿಗೆ ತಲೆ ಆನಿಸಿ ಕೂತಿದ್ದ. ಅವಳು ಮೂರು ವಾರವನ್ನೂ ಹದಿನೆಂಟು ದಿನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದಳು. ತನ್ನ ಮೇಲೇ ಅಸಹ್ಯವಾಯಿತು, ಆದರೂ ನೋಡುವುದು ನಿಲ್ಲಲಿಲ್ಲ.

ಬೇರೆಯವರ ಮೂಟೆ ಕೇಳಿ ತರಬಹುದಿತ್ತು. ಸಿವರ್ಟ್‌ನ ಅಪ್ಪ ಹುಲ್ಲು ಕೊಯ್ಲಿನ ನಡುವೆ ತಟ್ಟನೆ ಸತ್ತಾಗ ಹಾಗೇ ಮಾಡಿದ್ದರು. ಮೂರು ಮನೆಯ ಮೂರು ಬಗೆಯ ಮೊಳಕೆ ಸೇರಿಸಿ ಕಾಸಿದ ಆ ಬಿಯರ್ ಹುಳಿಯಾಯಿತು. ಬಂದವರು ಬಟ್ಟಲಿನ ಹಿಂದೆ ಮುಖ ಮುಚ್ಚಿಕೊಂಡು ಕುಡಿದು ಹೋದರು, ಆಮೇಲೆ ಹತ್ತು ವರ್ಷ ಅದನ್ನೇ ಆಡಿಕೊಂಡರು. ಸಿವರ್ಟ್ ಹಟ ಹಿಡಿದು ಬಿಯರ್ ಕಾಸುವುದು ಕಲಿತದ್ದೇ ಆ ಅವಮಾನದಿಂದ. "ನನ್ನನ್ನ ಹೂಳೋ ದಿನ ಎರವಲು ಬಿಯರ್ ಹಂಚಿದ್ರೆ ಪೆಟ್ಟಿಗೆಯಿಂದ ಎದ್ದು ಕೂತ್ಕೋತೀನಿ, ನೋಡ್ತಿರಿ" ಎಂದು ಕುಡಿದಾಗಲೆಲ್ಲ ಹೇಳುತ್ತಿದ್ದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಅವಳಿಂದ ಕೇಳಿದ್ದೇ ಕಡಿಮೆ. ಮಕ್ಕಳಾಗಲಿಲ್ಲವೆಂದು ಕೂಡ ಒಂದು ಮಾತು ಆಡಿದವನಲ್ಲ.

ಹಾಗಾಗಿ ಮಾರನೆಯ ದಿನವೇ ಅವಳು ಎರಡು ಮೂಟೆ ಬಾರ್ಲಿಯನ್ನು ನೆಲಮಾಳಿಗೆಯ ತೊಟ್ಟಿಯಲ್ಲಿ ನೆನೆಹಾಕಿದಳು. ಎರಡು ದಿನ ಬಿಟ್ಟು ನೀರು ಬಸಿದು ನೆಲದ ಮೇಲೆ ಹರಡಿದಳು. ಮಲಗುವ ಕೋಣೆ ಸರಿಯಾಗಿ ಅದರ ಮೇಲೇ. ದಿನಕ್ಕೆ ಮೂರು ಸಲ, ಅವನು ಔಷಧಿಯ ಮಂಪರಿನಲ್ಲಿರುವಾಗ ನೋಡಿಕೊಂಡು, ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಇಳಿದು ಮರದ ಗುದ್ದಲಿಯಿಂದ ಕಾಳು ತಿರುವಿಹಾಕುತ್ತಿದ್ದಳು. ನಾಲ್ಕನೆಯ ದಿನಕ್ಕೆ ಕಾಳಿನ ತುದಿಯಲ್ಲಿ ಬಿಳಿ ಬೇರು ಮೂಡಿತು. ನೆಲಮಾಳಿಗೆಯೆಲ್ಲ ಹಸಿ ಸೌತೆಕಾಯಿಯ ವಾಸನೆ. ಬೇರೆ ವರ್ಷಗಳಲ್ಲಿ ಆ ವಾಸನೆ ಬಂದರೆ ಅವಳಿಗೆ ಹಬ್ಬ ಬಂದಂತಾಗುತ್ತಿತ್ತು. ಈಗ ಅಲ್ಲೇ ಕಾಳಿನ ನಡುವೆ ಕುಕ್ಕರುಗಾಲಲ್ಲಿ ಕೂತು ಶಾಲನ್ನು ಬಾಯಿಗೆ ತುರುಕಿಕೊಂಡು ಅತ್ತಳು.

"ಕೆಳಗೇನು ಮಾಡ್ತಿದ್ದೆ?" ಎಂದು ಸಿವರ್ಟ್ ಒಮ್ಮೆ ಕೇಳಿದ.

"ಆಲೂಗಡ್ಡೆ ಆರಿಸ್ತಿದ್ದೆ. ಕೊಳೆತದ್ದು ತೆಗೀಬೇಕಲ್ಲ."

"ಆರಿಸು, ಆರಿಸು" ಎಂದ ಅವನು, ಕಣ್ಣು ಮುಚ್ಚಿಕೊಂಡು.

ಹತ್ತನೆಯ ದಿನ ಮೊಳಕೆ ಒಣಗಿಸಲೇಬೇಕಿತ್ತು. ಅದಕ್ಕೆ ಹೊಳೆಯ ದಂಡೆಯಲ್ಲಿ ಐದು ಮನೆಗಳಿಗೆ ಸೇರಿದ ಹೊಗೆಮನೆ ಇದೆ. ತೂತು ಕೊರೆದ ಹಲಗೆಗಳ ಮೇಲೆ ಮೊಳಕೆ ಹರಡಿ, ಕೆಳಗೆ ಆಲ್ಡರ್ ಸೌದೆ ಉರಿಸಿ, ಬೆಳಗಿನಿಂದ ಸಂಜೆಯವರೆಗೆ ಹೊಗೆಯಲ್ಲಿ ಕೈಯಾಡಿಸುತ್ತಿರಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ. ಪಕ್ಕದ ಮನೆಯ ಯೋಸ್ಟೈನ್, ಹೊಳೆಯಾಚೆಯ ಮುದುಕ ಐನಾರ್ ಇಬ್ಬರೂ ಬಂದರು. ಯಾರಿಗೆ, ಯಾಕೆ ಎಂದು ಇಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಬಾಯಿಗೆ ಕೆಲಸ ಬೇಕಲ್ಲ, ಸೌದೆಯ ಬಗ್ಗೆ ಜಗಳ ತೆಗೆದರು.

"ತೊಗಟೆ ಸಮೇತ ಉರಿಸ್ಬೇಕು ಕಣೋ. ರುಚಿ ಇರೋದೇ ತೊಗಟೇಲಿ" ಎಂದ ಐನಾರ್.

"ರುಚಿಯಲ್ಲ, ಕೆಮ್ಮು. ನಿಮ್ಮನೆ ಬಿಯರ್ ಕುಡಿದು ಬಂದ್ರೆ ನಮ್ಮ ಹಸುಗಳು ಕೂಡ ನನ್ನ ಮೂಸಿ ಆಚೆ ತಿರುಗ್ತವೆ."

"ನಿಮ್ಮ ಹಸುಗಳು ಸ್ನಾನ ಮಾಡದವನನ್ನ ಕಂಡ್ರೆ ಹಾಗೇ ಮಾಡೋದು, ಬಿಯರಿನ ಮೇಲೆ ಯಾಕೆ ಹಾಕ್ತೀಯ?"

ಒಲೌಗ್ ನಕ್ಕಳು. ನಕ್ಕದ್ದಕ್ಕೆ ತಾನೇ ಬೆಚ್ಚಿ ಮತ್ತೆ ಮೊಳಕೆಗೆ ಕೈಹಾಕಿದಳು. ಸಂಜೆ ಐನಾರ್ ಒಂದು ಕಾಳನ್ನು ಹಲ್ಲಿನಲ್ಲಿ ಕಟುಂ ಎನಿಸಿ, ಸಾಕು ಎಂದು ತಲೆಯಾಡಿಸಿದ. ಅವಳು ಮನೆಗೆ ಬಂದು ಬಟ್ಟೆ ಬದಲಿಸಿ, ಮುಖ ತೊಳೆದು, ಗಂಜಿ ಬಿಸಿಮಾಡಿಕೊಂಡು ಕೋಣೆಗೆ ಹೋದಳು. ಕೂದಲು ತೊಳೆಯುವುದು ಮರೆತಿತ್ತು.

"ಇಲ್ಲಿ ಬಾ. ಇನ್ನೂ ಹತ್ರ ಬಾ" ಎಂದ ಸಿವರ್ಟ್. ಅವಳ ತಲೆ ಬಗ್ಗಿಸಿ ಮೂಗಿನಿಂದ ಒಮ್ಮೆ ಉದ್ದಕ್ಕೆ ಉಸಿರು ಎಳೆದುಕೊಂಡ. "ಹೊಗೆಮನೆ ಹೊತ್ತಿಸಿದಾರೆ."

"ಹೂಂ."

"ಫೆಬ್ರವರೀಲಿ? ಯಾರು?"

"ಯೋಸ್ಟೈನ್."

"ಅವನಿಗೇನಂತೆ?"

ಅವಳು ಗಂಜಿಯ ಬಟ್ಟಲು ನೋಡಿದಳು. ಯೋಸ್ಟೈನ್‌ನ ಮಗಳ ಹೆಸರು ನಾಲಿಗೆಗೆ ಬಂತು. "ಸುನ್ನಿವಾ ಮದುವೆ. ಈಸ್ಟರ್ ಆದ್ಮೇಲೆ. ಈಗ್ಲೇ ಒಣಗಿಸಿಟ್ಕೋತಾರಂತೆ."

ಸಿವರ್ಟ್‌ನ ಮುಖದ ಬಿಗಿ ಸಡಿಲವಾಯಿತು. "ಸುನ್ನಿವಾಗೆ ಮದುವೇನಾ! ಹುಡುಗ ಯಾರೇ?"

"ಲೆವಾಂಗರ್ ಕಡೆಯವನು. ಬಡಗಿ."

"ಒಳ್ಳೇದು. ಬಡಗಿ ಆದ್ರೆ ಒಳ್ಳೇದು" ಎಂದು ಗೋಡೆಯ ಕಡೆ ಹೊರಳಿದ.

ಬೆಳಕು ಹರಿಯುತ್ತಲೇ ಒಲೌಗ್ ಹಿಮದಲ್ಲಿ ಜಾರುತ್ತ ಯೋಸ್ಟೈನ್ ಮನೆಗೆ ಓಡಿದಳು. ಅವನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಹೆಂಡತಿ ಹೋದ ಮೇಲೆ ಅಪ್ಪ ಮಗಳು ಇಬ್ಬರೇ ಆ ಮನೆಯಲ್ಲಿ. ವಿಷಯ ಕೇಳಿ ಅವನ ಕೈ ಕೆಚ್ಚಲ ಮೇಲೇ ನಿಂತಿತು.

"ಅಲ್ಲ ಒಲೌಗ್, ಸುನ್ನಿವಾಗೆ ಇಪ್ಪತ್ತೇಳು ವರ್ಷ ಆಯ್ತು, ಬಂದ ಗಂಡುಗಳಿಗೆಲ್ಲ ಬಾಗಿಲು ತೋರಿಸಿದಾಳೆ. ನೀನು ಒಂದು ಸಂಜೇಲಿ ಮದುವೆ ಮುಗಿಸಿಬಿಟ್ಯಲ್ಲ!"

ಹಿಂದೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಸುನ್ನಿವಾ ಹೇಳಿದಳು: "ಬಡಗಿ ಪರವಾಗಿಲ್ಲ. ಹೆಸರೊಂದು ಚೆನ್ನಾಗಿರೋದು ಇಡಿ." ನಗಿಸಲು ಹೇಳಿದ್ದೇನೋ ಸರಿ, ಒಲೌಗ್‌ಳ ಮುಖ ನೋಡಿ ಅವಳ ದನಿ ಇಳಿಯಿತು. "ರೋಲ್ಫ್ ಅಂತ ಹೇಳಿ. ಏನಾದ್ರೂ ಹೇಳಿ. ನಾನು ಒಪ್ಕೋತೀನಿ."

ಅಲ್ಲಿಂದ ಮುಂದೆ ಇಡೀ ನೆರೆಹೊರೆ ಇಲ್ಲದ ಮದುವೆಯ ಓಡಾಟದಲ್ಲಿ ಬಿದ್ದಿತು. ಭಾನುವಾರ ಯೋಸ್ಟೈನ್ ಮತ್ತು ಐನಾರ್ ಸಿವರ್ಟ್‌ನನ್ನು ನೋಡಲು ಬಂದು ಹಾಸಿಗೆಯ ಎರಡು ಕಡೆ ಕುರ್ಚಿ ಎಳೆದುಕೊಂಡರು. ಒಲೌಗ್ ಕಾಫಿ ತಂದಿಟ್ಟು, ಹೆಣಿಗೆ ಹಿಡಿದು ಬಾಗಿಲ ಬಳಿ ಕೂತಳು. ಎಲ್ಲಿ ಯಾರ ನಾಲಿಗೆ ಜಾರುತ್ತದೋ ಎಂದು ಅವಳ ಜೀವ ಕೈಯಲ್ಲಿತ್ತು.

"ರೋಲ್ಫ್ ಹೇಗೆ? ಕುಡೀತಾನಾ?" ಎಂದ ಸಿವರ್ಟ್.

"ಮೀನು ಹಿಡಿಯೋರು ಯಾರು ಕುಡಿಯಲ್ಲ ಹೇಳು" ಎಂದ ಐನಾರ್.

"ಬಡಗಿ ಅಂದ್ರಲ್ಲ!"

"ದೋಣಿ ಮಾಡೋ ಬಡಗಿ" ಎಂದು ಯೋಸ್ಟೈನ್ ಮುದುಕನ ಕಾಲು ತುಳಿದ. "ಮಾಡಿದ ದೋಣೀಲೇ ಒಂದೊಂದ್ಸಲ ಮೀನಿಗೂ ಹೋಗ್ತಾನೆ."

ಸಿವರ್ಟ್‌ನ ಹೊಟ್ಟೆ ಕುಲುಕಿತು. ನಕ್ಕದ್ದಕ್ಕೆ ನೋವಾಗಿ ಹಲ್ಲು ಕಚ್ಚಿದ. ನೋವು ಇಳಿದ ಮೇಲೆ ಕೇಳಿದ: "ಎಲ್ಲಿ ಕಾಸ್ತೀರಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಇಲ್ಲೇ ಕಾಸಿ. ನಿಮ್ಮ ಹಂಡೆ ಯಾವ ಮೂಲೆಗೆ? ನಮ್ಮದು ದೊಡ್ಡದು. ಒಲೌಗೇ ಕಾಸ್ಲಿ. ಮೂವತ್ತು ವರ್ಷ ಪಾತ್ರೆ ತೊಳ್ದಿದಾಳೆ, ನನ್ನ ಕೈ ನೋಡಿದಾಳೆ. ನಾನು ಇಲ್ಲಿಂದ್ಲೇ ಹೇಳ್ತೀನಿ."

ಮೂವರಿಗೂ ಹೋದ ಜೀವ ಬಂದಂತಾಯಿತು. ತಮ್ಮ ಸುಳ್ಳಿಗೆ ಅವನೇ ದಾರಿ ಮಾಡಿಕೊಟ್ಟನೆಂದು ಸಂತೋಷಪಟ್ಟರು. ಸಂತೋಷದಲ್ಲಿರುವವರಿಗೆ ಕಣ್ಣು ಕಾಣಿಸುವುದು ಕಡಿಮೆ.

ಮಾತು ಬಿಯರಿಗೆ ತಿರುಗಿತು. ಎಷ್ಟು ವರ್ಷ ಮಾಡಿದರೂ ಒಬ್ಬರ ಪದ್ಧತಿ ಇನ್ನೊಬ್ಬರಿಗೆ ಹಿಡಿಸದ ಕಸುಬು ಅದು. ನೀರಿಗೆ ಜೂನಿಪರ್ ಕೊಂಬೆ ಹಾಕುವಾಗ ಕಾಯಿ ಸಮೇತ ಹಾಕಬೇಕೆಂದ ಐನಾರ್, ಕಾಯಿ ಹಾಕಿದರೆ ತಲೆನೋವೆಂದ ಯೋಸ್ಟೈನ್. ಐನಾರ್ ತಾನೊಮ್ಮೆ ಕುದಿಯುವ ನೀರಿಗೇ ನುಚ್ಚು ಸುರಿದು ಅಂಟಿನ ಗಂಜಿ ಮಾಡಿಕೊಂಡ ಕತೆ ಹೇಳಿದ. ಜರ್ಮನರು ಊರಲ್ಲಿದ್ದಾಗ ಸಿವರ್ಟ್ ಹುಲ್ಲಿನ ಬಣವೆಯಡಿ ಪೀಪಾಯಿ ಬಚ್ಚಿಟ್ಟದ್ದು, ಅದು ಉಕ್ಕಿ ಬಣವೆಯೇ ಗುಳುಗುಳು ಎಂದದ್ದು, ಮತ್ತೊಮ್ಮೆ ಬಂತು. ಸಿವರ್ಟ್ ಎಲ್ಲ ಕೇಳಿಸಿಕೊಂಡು ಕೊನೆಗೆ ಬೆರಳೆತ್ತಿದ.

"ಕೇಳೇ ಒಲೌಗ್. ಕೊಂಬೆ ಎಳೇದು ತಗೋ, ಕಾಯಿ ಒಂದು ಹಿಡಿ ಸಾಕು. ನೀರು ಕುದ್ದ ಮೇಲೆ ಇಳಿಸಿ ಕಾಯಬೇಕು. ಹಬೆ ಸರಿದು ನಿನ್ನ ಮುಖ ನೀರಲ್ಲಿ ಕಾಣಿಸ್ದಾಗ ನುಚ್ಚು ಹಾಕು. ಮುಚ್ಚಿಟ್ಟು ಮೂರು ಗಂಟೆ ಮರ್ತುಬಿಡು. ರಸ ಇಳಿಸೋವಾಗ ಅವಸರ ಬೇಡ, ದಾರದಷ್ಟು ಸಣ್ಣಗೆ ಇಳೀಲಿ. ಆಮೇಲೆ ಮೊಣಕೈ ಅದ್ದಿ ನೋಡು. ಕರೆದ ಹಾಲಿನಷ್ಟು ಬೆಚ್ಚಗಿದ್ರೆ ಹುದುಗು ಹಾಕು. ಗಟ್ಟಿ ಇರ್ಲಿ, ತೀರಾ ಗಟ್ಟಿ ಬೇಡ. ಮುದುಕರು ಬರ್ತಾರೆ, ದಾರಿ ತುಂಬ ಹಿಮಗಡ್ಡೆ, ಬಿದ್ದು ಸೊಂಟ ಮುರ್ಕೊಂಡಾರು."

"ಮದುವೆ ಈಸ್ಟರ್ ಕಳೆದ್ಮೇಲಲ್ವಾ, ಆಗೆಲ್ಲಿ ಹಿಮಗಡ್ಡೆ..." ಎಂದು ಶುರುಮಾಡಿದ ಐನಾರ್, ಕಾಫಿಯ ಲೋಟಕ್ಕೆ ಬಾಯಿಟ್ಟು ನಿಲ್ಲಿಸಿದ.

"ಹೌದಲ್ಲ" ಎಂದ ಸಿವರ್ಟ್ ತಣ್ಣಗೆ. "ಎಷ್ಟು ಜನಕ್ಕೆ?"

"ನಲವತ್ತು" ಎಂದ ಯೋಸ್ಟೈನ್.

"ಎಂಬತ್ತಕ್ಕೆ ಕಾಸಿ. ಮರ ಕಡಿಯೋಕೆ ನನ್ನ ಜೊತೆ ಬರ್ತಿದ್ರಲ್ಲ, ಅವರನ್ನೆಲ್ಲ ಕರೀಬೇಕು. ಮೆರಾಕರ್‌ನಿಂದ ನನ್ನ ಅಕ್ಕನ ಮಕ್ಕಳನ್ನೂ."

ಯೋಸ್ಟೈನ್ ಮಗಳ ಮದುವೆಗೆ ಸಿವರ್ಟ್‌ನ ಅಕ್ಕನ ಮಕ್ಕಳು ಯಾಕೆ ಬರಬೇಕು? ಒಲೌಗ್‌ಳ ಹೆಣಿಗೆಯಲ್ಲಿ ಒಂದು ಕುಣಿಕೆ ಬಿದ್ದುಹೋಯಿತು. ಔಷಧಿಯ ಮಂಪರು, ಏನೋ ಬಡಬಡಿಸುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಬೇಡವೆಂದರೆ ಮನಸ್ಸು ಎಂಥ ಸತ್ಯವನ್ನೂ ಹೀಗೆ ಬದಿಗೊತ್ತಿಬಿಡುತ್ತದೆ.

ಹದಿಮೂರನೆಯ ದಿನ ಕಾಸಿದರು. ಕೋಣೆಯ ಬಾಗಿಲು, ಅಡುಗೆಮನೆಯ ಬಾಗಿಲು ಎರಡೂ ತೆರೆದಿಟ್ಟರು. ಬೆಳಿಗ್ಗೆ ಐದಕ್ಕೇ ಜೂನಿಪರಿನ ವಾಸನೆ ಮನೆ ತುಂಬಿತು. ನೀರಿನ ಹಬೆ ಸರಿಯುವುದನ್ನು ಕಾಯುತ್ತ ಒಲೌಗ್ ಹಂಡೆಯ ಮೇಲೆ ಬಗ್ಗಿ ನಿಂತಳು. ಮೊದಲು ಬರಿಯ ಬಿಳುಪು. ನಿಧಾನವಾಗಿ ಒಂದು ಮುಖ ಮೂಡಿತು, ಇಳಿದ ಕೆನ್ನೆಯ, ಕಣ್ಣಡಿ ಕಪ್ಪಾದ ಹೆಂಗಸಿನದು. ಅವಳು ಒಂದು ಕ್ಷಣ ಅದನ್ನು ಗುರುತಿಸಲಿಲ್ಲ.

"ಕಾಣ್ತಾ?" ಎಂದು ಒಳಗಿನಿಂದ ಕೂಗು ಬಂತು.

"ಕಾಣ್ತು."

"ಹಾಗಾದ್ರೆ ಸುರಿ. ಚೆನ್ನಾಗಿರೋ ಮುಖ ಅದು, ತುಂಬ ಹೊತ್ತು ನೋಡ್ತಾ ನಿಲ್ಬೇಡ!"

ಯೋಸ್ಟೈನ್ ನುಚ್ಚು ಸುರಿದ, ಅವಳು ಹುಟ್ಟು ಹಾಕಿ ತಿರುವಿದಳು. ಬೆನ್ನು ನೋಯುವವರೆಗೆ ತಿರುವಿದಳು. ಗಂಟೆಗೊಮ್ಮೆ ಸಿವರ್ಟ್ ಕೂಗುತ್ತಿದ್ದ, ಅವಳು ಒಂದು ಚಮಚ ಹಿಡಿದು ಓಡುತ್ತಿದ್ದಳು. ಅವನು ನಾಲಿಗೆಯ ತುದಿಗೆ ಮುಟ್ಟಿಸಿ "ಇನ್ನೂ ಹಿಟ್ಟು" ಎನ್ನುವನು, ಮುಂದಿನ ಗಂಟೆ "ಈಗ ಸಿಹಿ ಬರ್ತಿದೆ" ಎನ್ನುವನು. ಮೂರು ದಿನದಿಂದ ಒಂದು ತುತ್ತೂ ಹೋಗದ ಗಂಟಲು ಅದು. ಆ ದಿನ ಮಾತ್ರ ಅವನ ಕಣ್ಣಿನಲ್ಲಿ ಹಳೆಯ ಹೊಳಪಿತ್ತು. ಅವಳಿಗೆ ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಅದರ ಬೆನ್ನಿಗೇ, ಇವನ ಕೈಯಿಂದಲೇ ಇವನ ಗುಂಡಿ ತೋಡಿಸುತ್ತಿದ್ದೇನೆ ಎಂದು ಹೊಳೆಯಿತು. ಸಂಜೆ ನಾಲ್ಕಕ್ಕೆ ಮೊಣಕೈ ಅದ್ದಿ, ನೆಲಮಾಳಿಗೆಯ ಜಾಡಿಯಲ್ಲಿ ಕಳೆದ ವರ್ಷದಿಂದ ಉಳಿಸಿಟ್ಟಿದ್ದ ಹುದುಗನ್ನು ಹಾಕಿದಳು.

ಎರಡು ದಿನದ ಮೇಲೆ ಸುನ್ನಿವಾ ಬಂದಳು. ಮದುಮಗಳು ಒಮ್ಮೆಯಾದರೂ ಮುಖ ತೋರಿಸದಿದ್ದರೆ ಹೇಗೆಂದು ಅಪ್ಪನೇ ಕಳಿಸಿದ್ದ. ಒಲೌಗ್ ಒಲೆಯ ಮುಂದಿದ್ದಳು. ಒಳಗಿನ ಮಾತು ಕೇಳಿಸುತ್ತಿತ್ತು.

"ನಿನ್ನ ಮದುವೆಗೆ ಬರೋಕಾಗಲ್ಲ ಅನ್ಸುತ್ತೆ ಮಗಳೇ. ಬೇಜಾರು ಮಾಡ್ಕೋಬೇಡ."

"ಹಾಗೆಲ್ಲ ಅನ್ಬೇಡಿ ಸಿವರ್ಟ್, ಬರ್ತೀರ."

"ರೋಲ್ಫ್‌ಗೆ ಹೇಳು, ಹೆಂಡತಿ ಜೊತೆ ಮಾತಾಡೋದನ್ನ ಬಿಡ್ಬೇಡ ಅಂತ. ಏನು ಬಂದ್ರೂ ಬಾಯಿಬಿಟ್ಟು ಮಾತಾಡ್ಬೇಕು. ನೆನಪಿಟ್ಕೋ."

ಹುಡುಗಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಬಂದಳು. "ನನ್ನಿಂದಾಗಲ್ಲ ಒಲೌಗ್. ಹೇಳಿಬಿಡಿ ಅವರಿಗೆ. ದಮ್ಮಯ್ಯ ಅಂತೀನಿ."

"ಏನಂತ ಹೇಳ್ಲಿ?" ಒಲೌಗ್ ಪಿಸುಮಾತಿನಲ್ಲೇ ಕಿರುಚಿದಳು. "ನೀನು ಸಾಯ್ತೀಯ ಅಂತ ಹೇಳ್ಲಾ? ಸಾಯೋ ಮೊದ್ಲೇ ನಾನು ಬಾರ್ಲಿ ನೆನೆಹಾಕಿದೆ ಅಂತ ಹೇಳ್ಲಾ? ಮೂವತ್ತೊಂದು ವರ್ಷ ಜೊತೆಗಿದ್ದೋಳು ದಿನ ಎಣಿಸ್ತಾ ಕೂತಿದ್ಲು ಅಂತ ಅಂದ್ಕೊಂಡು ಅವನು ಕಣ್ಣು ಮುಚ್ಬೇಕಾ? ಅದಾಗಲ್ಲ ನನ್ನಿಂದ."

ಸುನ್ನಿವಾ ಶಾಲು ಹೊದ್ದು ಹೊರಟುಹೋದಳು.

ಹದಿನೆಂಟನೆಯ ದಿನ ಮಧ್ಯಾಹ್ನ ಪೀಪಾಯಿಯ ಬೆಣೆ ತೆಗೆದರು. ಯೋಸ್ಟೈನ್ ಮತ್ತು ಐನಾರ್ ಅಡುಗೆಮನೆಯಲ್ಲಿ ಬಟ್ಟಲು ಹಿಡಿದು ಕಾಯುತ್ತಿದ್ದರು, ಆದರೆ ಮೊದಲ ಬಟ್ಟಲು ಕಾಸಿದವನಿಗೆ. ಒಲೌಗ್ ಮರದ ಬಟ್ಟಲು ತುಂಬಿಸಿ ಕೋಣೆಗೆ ಒಯ್ದು ಹಾಸಿಗೆಯ ಅಂಚಿನಲ್ಲಿ ಕೂತಳು. ಸಿವರ್ಟ್ ಈಗ ದಿಂಬಿನ ಮೇಲೆ ಉಳಿದಿದ್ದ ಒಂದಿಷ್ಟು ಮೂಳೆ ಮಾತ್ರ. ಅವಳು ಬೆರಳು ಅದ್ದಿ ತುಟಿಗೆ ಸವರಿದಳು. ಅವನು ಚೀಪಿದ. ಕಣ್ಣು ಮುಚ್ಚಿ ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡ.

"ಹೊಗೆ ಸರಿಯಾಗಿದೆ. ಸಿಹಿ ಒಂಚೂರು ಮೇಲಿದೆ, ವಾರ ಇಟ್ರೆ ಇಳಿಯುತ್ತೆ." ಆಮೇಲೆ ಕಣ್ಣು ತೆರೆದು ಅವಳನ್ನೇ ನೋಡಿದ. "ಯಾರಿಗೆ ಇದು, ಒಲೌಗ್?"

ಸುನ್ನಿವಾಗೆ ಎಂದು ಹೇಳಲು ಅವಳು ಬಾಯಿ ತೆರೆದಳು. ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದ ಮಾತು ಅದು. ಅವನು ರೆಪ್ಪೆ ಬಡಿಯದೆ ಕಾಯುತ್ತಿದ್ದ. ಆ ಕಣ್ಣಿನಲ್ಲಿ ಬೇಡಿಕೆ ಇತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಕಾಣದ ಬೇಡಿಕೆ.

"ನಿನಗೆ" ಎಂದಳು.

ಸಿವರ್ಟ್‌ನ ಎದೆಯಿಂದ ಉದ್ದವಾದ ಉಸಿರು ಹೊರಬಂತು. "ಅಬ್ಬ. ಎಷ್ಟು ಕಾಯಿಸಿದೆಯೇ."

"ನಿನಗೆ ಗೊತ್ತಿತ್ತಾ?"

"ನಲವತ್ತು ವರ್ಷ ಮೊಳಕೆ ತಿರುವಿದೋನು ನಾನು. ನೆಲದ ಮೇಲೆ ಗುದ್ದಲಿ ಎಳೆಯೋ ಸದ್ದು ಗೊತ್ತಾಗಲ್ವಾ? ಆಲೂಗಡ್ಡೆಯಂತೆ, ಆಲೂಗಡ್ಡೆ! ನೀನು ಮೊದಲನೇ ಸಲ ತಿರುವಿದ ದಿನಾನೇ ಗೊತ್ತಾಯ್ತು. ಹುಣ್ಣಲ್ಲ ಅನ್ನೋದೂ ಅವತ್ತೇ ಗೊತ್ತಾಯ್ತು."

"ಬೈಯೋ ನನ್ನ. ಬೈದುಬಿಡು."

"ಯಾಕೆ ಬೈಯಲಿ? ನೆನೆಹಾಕಿದ್ದಕ್ಕಾ? ನೀನು ನೆನೆಹಾಕಿದೀಯ ಅಂತ ಗೊತ್ತಾದಾಗ ನನಗೆ ಎಷ್ಟೋ ಸಮಾಧಾನ ಆಯ್ತು. ಎರವಲು ಬಿಯರ್ ಕುಡಿಸಲ್ಲ ಇವಳು ಅಂತ." ಉಸಿರು ಕಟ್ಟಿ ಸ್ವಲ್ಪ ತಡೆದ. ಮತ್ತೆ ಮಾತಾಡಿದಾಗ ದನಿ ಒಡೆದಿತ್ತು. "ಆದ್ರೆ ನಾನು ಒಬ್ಬನೇ ಆಗ್ಬಿಟ್ಟೆ ಕಣೇ. ನೀನು ಇದೇ ಹಾಸಿಗೇಲಿ ಪಕ್ಕದಲ್ಲೇ ಮಲಗಿರ್ತಿದ್ದೆ, ನಾನು ಒಬ್ಬನೇ. ಮನೆ ತುಂಬ ಜನ, ಎಲ್ಲರೂ ಮದುವೆ ಮಾತು. ಸಾಯೋದರ ಬಗ್ಗೆ ಮಾತಾಡೋಕೆ ನನಗೆ ಒಂದು ಜೀವ ಇರ್ಲಿಲ್ಲ."

ಒಲೌಗ್‌ಳಿಗೆ ಯಾರೋ ಎದೆಗೆ ಒದ್ದಂತಾಯಿತು. ಅವನಿಗೆ ನೋವಾಗದಿರಲಿ ಎಂದು ಕಟ್ಟಿದ ಬೇಲಿಯ ಒಳಗೆ ಅವನೊಬ್ಬನನ್ನೇ ಕೂಡಿಹಾಕಿ ತಾನು ಹೊರಗೆ ಕಾವಲು ನಿಂತಿದ್ದಳು.

"ನೀನಾದ್ರೂ ಹೇಳ್ಬಹುದಿತ್ತಲ್ಲ! ಒಂದು ಮಾತು!"

"ಹೇಳಿದ್ರೆ ನೀನು ಕಾಸೋದು ನಿಲ್ಲಿಸಿಬಿಡ್ತಿದ್ದೆ."

ಅದು ನಿಜ. ನಿಲ್ಲಿಸಿಬಿಡುತ್ತಿದ್ದಳು. ಮೊಳಕೆಯನ್ನು ಹಸುಗಳಿಗೆ ಸುರಿದು, ತನಗೇನೂ ಗೊತ್ತಿಲ್ಲವೆಂದು ಆಣೆ ಹಾಕುತ್ತಿದ್ದಳು. ಅವಳು ಬಟ್ಟಲನ್ನು ನೆಲದ ಮೇಲಿಟ್ಟು ಅವನ ಪಕ್ಕದಲ್ಲಿ ಮಲಗಿದಳು. ಏಪ್ರನ್ ಕಟ್ಟಿಕೊಂಡೇ, ಪೀಪಾಯಿಯ ನೊರೆ ಮೆತ್ತಿದ ಕೈಯಲ್ಲೇ.

"ಹೆದರಿಕೆ ಆಗುತ್ತಾ?" ಎಂದು ಕೇಳಿದಳು.

"ಹೂಂ. ತುಂಬ."

"ನನಗೂ."

ಅಡುಗೆಮನೆಯಿಂದ ಯೋಸ್ಟೈನ್ ಕೂಗಿದ: "ಹೇಗಿದೆಯಂತೆ? ನಾವು ಸುರ್ಕೋಬಹುದಾ?"

"ಸುರ್ಕೊಳ್ರೋ" ಎಂದ ಸಿವರ್ಟ್, ಇದ್ದ ಶಕ್ತಿಯನ್ನೆಲ್ಲ ಸೇರಿಸಿ. "ಸುರ್ಕೊಂಡು ಮನೆಗೆ ಹೋಗಿ. ಮದುವೆ ಮುರಿದುಬಿತ್ತು."

ಹೊರಗೆ ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಮೆಲ್ಲಗೆ ಎಳೆದುಕೊಂಡ ಸದ್ದು ಕೇಳಿಸಿತು.

ಸಿವರ್ಟ್ ಇನ್ನು ನಾಲ್ಕು ದಿನ ಬದುಕಿದ್ದ. ಆ ನಾಲ್ಕು ದಿನ ಒಲೌಗ್ ಹಾಲು ಕರೆಯುವುದಕ್ಕೂ ಎದ್ದು ಹೋಗಲಿಲ್ಲ, ಆ ಕೆಲಸ ಸುನ್ನಿವಾ ಬಂದು ಮಾಡಿದಳು. ಗಂಡ ಹೆಂಡತಿ ಮಾತಾಡಿದರು. ಪೆಟ್ಟಿಗೆ ಹೊರುವವರು ಯಾರು, ಯಾವ ಅಂಗಿ, ಹೊಲ ಯಾರಿಗೆ ಬಿತ್ತಲು ಕೊಡುವುದು, ಸತ್ತ ಮೇಲೆ ಏನಿದ್ದೀತು, ಏನೂ ಇಲ್ಲದಿದ್ದರೆ ಹೇಗೆ. ಹುಟ್ಟದೇ ಹೋದ ಮಕ್ಕಳ ಬಗ್ಗೆಯೂ ಮಾತಾಡಿದರು, ಮೊದಲ ಸಲ. ನಾಲ್ಕನೆಯ ದಿನ ಅವನಿಗೆ ದನಿ ಇರಲಿಲ್ಲ, ಅವಳೇ ಇಬ್ಬರ ಮಾತನ್ನೂ ಆಡಿದಳು. ಆದರೆ ಹೇಳಬೇಕಾದದ್ದು ನಾಲ್ಕು ದಿನಕ್ಕೆ ಮುಗಿಯುವಂಥದ್ದಾಗಿರಲಿಲ್ಲ.

ಹೂಳಿದ ದಿನ ಎಂಬತ್ತಕ್ಕೂ ಹೆಚ್ಚು ಜನ ಬಂದರು. ಮರ ಕಡಿಯುವವರು ಬಂದರು, ಮೆರಾಕರ್‌ನಿಂದ ಅಕ್ಕನ ಮಕ್ಕಳು ಬಂದರು, ಹಿಮಗಡ್ಡೆಯ ದಾರಿಯಲ್ಲಿ ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂದರು. ಬಿಯರಿನ ಸಿಹಿ ಇಳಿದು ಹದಕ್ಕೆ ಬಂದಿತ್ತು. ಯಾರೂ ಬಟ್ಟಲಿನ ಹಿಂದೆ ಮುಖ ಮುಚ್ಚಿಕೊಳ್ಳಲಿಲ್ಲ. ಐನಾರ್ ಎರಡನೆಯ ಬಟ್ಟಲಿಗೆ, ಇಂಥದ್ದು ಈ ಕಣಿವೆಯಲ್ಲಿ ಇನ್ನು ಯಾರೂ ಕಾಸಲಾರರು ಎಂದು ಅಳತೊಡಗಿದ.

ಪಾದ್ರಿ ಒಲೌಗ್‌ಳ ಪಕ್ಕದಲ್ಲಿ ಕೂತರು. ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು, ಡಾಕ್ಟರು ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಅವಳ ಕೈ ಮೇಲೆ ಕೈಯಿಟ್ಟು ಹೇಳಿದರು: "ಒಂದು ಸಮಾಧಾನ ನೋಡಿ ಒಲೌಗ್. ಸಿವರ್ಟ್‌ಗೆ ಕೊನೇವರೆಗೂ ಏನೂ ಗೊತ್ತಾಗ್ಲಿಲ್ಲ. ದೇವರು ಅಷ್ಟು ಕರುಣೆ ತೋರಿಸಿದ."

ಮೇಜಿನ ಆ ಕಡೆ ಯೋಸ್ಟೈನ್ ತಲೆ ತಗ್ಗಿಸಿದ. ಹೂಂ ಎಂದುಬಿಟ್ಟಿದ್ದರೆ ಸುಲಭವಿತ್ತು. ಒಲೌಗ್ ಪಾದ್ರಿಯ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಹೂಜಿ ಎತ್ತಿ ಅವರ ಬಟ್ಟಲು ತುಂಬಿಸಿದಳು.

"ಅವನಿಗೆ ಗೊತ್ತಿತ್ತು ಸ್ವಾಮಿ" ಎಂದಳು. "ಹದಿನೈದು ದಿನ ಅದನ್ನ ಒಬ್ಬನೇ ಮನಸ್ಸಲ್ಲಿ ಇಟ್ಕೊಂಡಿದ್ದ. ನಾನು ಪಕ್ಕದಲ್ಲೇ ಇದ್ದೆ."